ರಾಯ್ ಡೆಲ್‌ನ ಗಂಟಲು

ಕಂಡವರ ಹಾಡು ಹಾಡಿ ಹಾಡಿ ವರ್ಲಿನ್ ಟ್ಯಾಕೆಟ್‌ಗೆ ಸಾಕುಬೇಕಾಗಿತ್ತು. ಟೆಕ್ಸಸ್‌ನ ಬೋಮಾಂಟ್ ಊರಿನಲ್ಲಿ ಅಗ್ಗದ ರೆಕಾರ್ಡು ಮಾಡಿ ಮಾರುವ ಫಿಚ್, ಹೊರಗಿನ ಸದ್ದು ತಡೆಯಲು ತನ್ನ ಮನೆಯ ಮುಂಗೋಣೆಯ ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಹೊಡೆದು ಅದನ್ನೇ ಸ್ಟುಡಿಯೋ ಎನ್ನುತ್ತಿದ್ದ. ಹೆದ್ದಾರಿಯಲ್ಲಿ ಎಣ್ಣೆ ಲಾರಿ ಹೋಯಿತೆಂದರೆ ಹಾಡು ಮತ್ತೆ ಮೊದಲಿನಿಂದ. ಆ ವಾರ ಯಾರ ಹಾಡು ಜನರ ಬಾಯಲ್ಲಿದೆಯೋ ಅದನ್ನು ವರ್ಲಿನ್ ಅವರಂತೆಯೇ ಹಾಡಬೇಕು. ರೆಕಾರ್ಡಿನ ಮೇಲೆ ಅಚ್ಚಾಗುವ ಹೆಸರು ಮಾತ್ರ ರಾಯ್ ಡೆಲ್. ಅಂಥವನೊಬ್ಬ ಭೂಮಿಯ ಮೇಲೆ ಹುಟ್ಟಿರಲೇ ಇಲ್ಲ. ಅದು ಫಿಚ್ ಕಟ್ಟಿದ ಹೆಸರು; ಆದರೂ ರೆಕಾರ್ಡುಗಳು ಖರ್ಚಾಗಿ, ಜನ ರಾಯ್ ಡೆಲ್‌ನ ಗಂಟಲನ್ನು ಗುರುತು ಹಿಡಿಯತೊಡಗಿದ್ದರು.

ನಿನ್ನ ಹೆಸರಿನಲ್ಲೇ ನಿನ್ನ ಹಾಡು ತರುತ್ತೇನೆ, ಸ್ವಲ್ಪ ತಡಿ ಎಂದು ಫಿಚ್ ಎರಡು ವರ್ಷ ಅವನ ಮೂಗಿಗೆ ತುಪ್ಪ ಸವರಿದ. ವರ್ಲಿನ್ ತಡೆದುಕೊಂಡಿದ್ದು ಅಪ್ಪನಿಗಾಗಿ. ಎಣ್ಣೆ ಕಾರ್ಖಾನೆಯಲ್ಲಿ ಪೈಪು ಜೋಡಿಸುವ, ಚರ್ಚು ತಪ್ಪಿಸದ ಹಾರ್ಲೆಸ್ ಟ್ಯಾಕೆಟ್‌ಗೆ ಮಗ ಬಿಯರ್ ಅಂಗಡಿಗಳಲ್ಲಿ ಹಾಡುವುದು ಕಂಡರಾಗದು. ಒಮ್ಮೆಯೂ ಕೇಳಲು ಬಂದವನಲ್ಲ. ರೇಡಿಯೋದಲ್ಲಿ ಟ್ಯಾಕೆಟ್ ಎಂಬ ಹೆಸರು ಕೇಳಿದರಾದರೂ ಮುದುಕ ಕಿವಿಗೊಟ್ಟಾನು ಎಂಬುದೊಂದೇ ಮಗನ ಆಸೆ.

ಕೊನೆಗೂ ಅವನ ಹೆಸರು ಹೊತ್ತ ರೆಕಾರ್ಡು ಬಂತು. ಅಮ್ಮ ಸತ್ತ ಮೇಲೂ ಅಪ್ಪ ಅವಳ ಕುರ್ಚಿಯ ಮುಂದೆ ತಟ್ಟೆ ಇಡುತ್ತಿದ್ದ. ಅದನ್ನು ನೋಡಿ ವರ್ಲಿನ್ ಕಟ್ಟಿದ ಹಾಡು ಅದು. ರೇಡಿಯೋ ಕೇಂದ್ರಕ್ಕೆ ತಾನೇ ಹೊತ್ತುಕೊಂಡು ಹೋದ. ಉದ್ಘೋಷಕ ಅರ್ಧ ಕೇಳಿ ಸೂಜಿ ಎತ್ತಿಬಿಟ್ಟ.

"ಅಲ್ಲಪ್ಪಾ, ಥೇಟ್ ರಾಯ್ ಡೆಲ್ ಗಂಟಲು. ಅಸಲೇ ಇರೋವಾಗ ನಕಲು ಯಾಕೆ ಹಾಕ್ಲಿ?"

ನಾನೇ ರಾಯ್ ಡೆಲ್ ಎಂದರೆ ಆತ ಹೊಟ್ಟೆ ಹಿಡಿದುಕೊಂಡು ನಕ್ಕ.

ವರ್ಲಿನ್ ಮೈ ಉರಿದುಕೊಂಡು ಫಿಚ್‌ನ ಬಳಿಗೆ ಓಡಿದ. ಒಂದು ಫೋನು ಮಾಡಿ ನಿಜ ಹೇಳಿ ಎಂದು ಅಂಗಲಾಚಿದ. ಫಿಚ್ ಜಪ್ಪಯ್ಯ ಅನ್ನಲಿಲ್ಲ. ಓಡುವ ಕುದುರೆಯ ಕಾಲು ಯಾರಾದರೂ ಮುರಿಯುತ್ತಾರೆಯೇ? ಬೇಕಿದ್ದರೆ ಈ ಹಾಡನ್ನೂ ರಾಯ್ ಡೆಲ್ ಹೆಸರಿನಲ್ಲಿ ಬಿಡೋಣ ಎಂದ. ವರ್ಲಿನ್ ಒಂದು ತಿಂಗಳು ಹಲ್ಲು ಕಚ್ಚಿಕೊಂಡಿದ್ದ. ಕಡೆಗೆ, ಹೆಸರು ಹಾಳಾಗಲಿ, ಹಾಡಾದರೂ ಅಪ್ಪನ ಕಿವಿಗೆ ಬೀಳಲಿ, ಆಮೇಲೆ ನಾನೇ ಎಂದು ಹೇಳಿದರಾಯಿತು ಅಂದುಕೊಂಡು ಒಪ್ಪಿದ.

ಹಾಡು ಟೆಕ್ಸಸ್ ತುಂಬ ಹಬ್ಬಿತು. ಒಂದು ಸಂಜೆ ಅವನು ಅಪ್ಪನ ಮನೆಗೆ ಹೋದಾಗ ಮುದುಕ ಬೀನ್ಸು, ಮೆಕ್ಕೆಜೋಳದ ರೊಟ್ಟಿ ಮುಂದಿಟ್ಟುಕೊಂಡು ರೇಡಿಯೋದಲ್ಲಿ ಅದನ್ನೇ ಕೇಳುತ್ತಿದ್ದ. ಕಣ್ಣು ಒದ್ದೆಯಾಗಿತ್ತು.

"ಪಾಪ, ಇವನೂ ಹೆಂಡ್ತೀನ ಕಳ್ಕೊಂಡಿರ್ಬೇಕು ಕಣೋ," ಎಂದ ಅಪ್ಪ. "ಎಲ್ಲೋ ಇರೋನಿಗೆ ನನ್ನ ಸಂಕಟ ಗೊತ್ತಾಯ್ತು. ಈ ಮನೇಲೇ ಇದ್ದ ನಿನಗೆ ಕಾಣ್ಲಿಲ್ಲ."

"ಅಪ್ಪಾ, ಅದು ನಾನೇ. ನಿನ್ನ ನೋಡೇ ಬರ್ದಿದ್ದು."

ಅಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. ಇನ್ನು ಮಾತಿನಿಂದ ಉಪಯೋಗವಿಲ್ಲವೆಂದು ವರ್ಲಿನ್ ರೇಡಿಯೋದ ಜೊತೆಗೇ ದನಿಯೆತ್ತಿ ಹಾಡಿದ. ಪ್ರತಿ ಏರಿಳಿತ, ಪ್ರತಿ ಬಿಕ್ಕು ಒಂದಕ್ಕೊಂದು ಕೂಡಿಕೊಂಡು ಬಂತು. ಅಪ್ಪ ಮಗನ ಹಾಡನ್ನು ಪೂರ್ತಿ ಕೇಳಿದ್ದು ಅದೇ ಮೊದಲು. ಹಾಡು ಮುಗಿಯಿತು. ಮುದುಕ ರೊಟ್ಟಿ ಮುರಿದ.

"ಹುಟ್ಟಿಸಿದ ಅಪ್ಪನ ಹತ್ರಾನೂ ಸುಳ್ಳು ಹೇಳೋ ಹಾಗಾದ್ಯಾ? ನಕಲೇನೋ ಚೆನ್ನಾಗೇ ಮಾಡ್ತೀಯ. ಆದ್ರೆ ಅವನು ಹಾಡಿದ್ರೆ ಕರುಳು ಹಿಂಡತ್ತೆ ನೋಡು, ಅದು ನಿನಗೆ ಬರಲ್ಲ."