ಹುಲ್ಲಿನ ತಳ

ಲಂಗರು ಮೂರನೆಯ ಸಲವೂ ಜಾರಿತು. ದೋಣಿಯವನು ಹಗ್ಗ ಎಳೆದುಕೊಳ್ಳುತ್ತ ತನ್ನಷ್ಟಕ್ಕೆ ಗೊಣಗಿದ. ಗಂಡನ ಬೂದಿಯ ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಹಲಗೆಯ ಮೇಲೆ ಕುಳಿತಿದ್ದಳು. ಬೆಳಿಗ್ಗೆ ವಿದ್ಯುತ್ ಚಿತಾಗಾರದಲ್ಲಿ ಸುಟ್ಟು, ಮಧ್ಯಾಹ್ನದ ಹೊತ್ತಿಗೆ ಕೈಗೆ ಕೊಟ್ಟಿದ್ದರು. ಮಡಕೆ ಇನ್ನೂ ಬೆಚ್ಚಗಿತ್ತು.

"ಅತ್ತಿಗೆ, ಇಲ್ಲೇ ಎಲ್ಲಾದ್ರೂ ಬಿಟ್ಬಿಡಿ. ಎಲ್ಲಾ ಒಂದೇ ನೀರಲ್ವಾ?" ಎಂದ ಮೈದುನ. ಕಡಲ ಓಲಾಟ ಒಗ್ಗದ ಅವನು ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದಿದ್ದ.

"ಅವರು ಹೇಳಿದ ಜಾಗ ಇದು. ಒಂದೈದು ನಿಮಿಷ ದೋಣಿ ನಿಂತ್ರೆ ಸಾಕು."

ಐದು ನಿಮಿಷಕ್ಕೆ ಇಷ್ಟು ಹಟ ಯಾಕೆಂದು ಮೈದುನನಿಗೆ ತಿಳಿಯಲಿಲ್ಲ. ಅವಳಿಗೆ ಬೇಕಿದ್ದದ್ದು ಅಷ್ಟೇ: ಗಂಡನ ಜೊತೆ, ಅವನ ಜಾಗದಲ್ಲಿ, ಒಂದು ಗಳಿಗೆ ನಿಲ್ಲುವುದು. ಮೂವತ್ತೆಂಟು ವರ್ಷ, ಪ್ರತಿ ಭಾನುವಾರ, ತನ್ನ ಅಂಗಡಿಗೆ ಮಾರಾಟಕ್ಕೆ ಬಂದ ಹೊಸ ಲಂಗರುಗಳನ್ನು ಪರೀಕ್ಷಿಸಲು ಆತ ಇಲ್ಲಿಗೆ ಬರುತ್ತಿದ್ದ. ಒಬ್ಬನೇ. ನೀನೂ ಬರ್ತೀಯಾ ಎಂದು ಬಾಯಿಮಾತಿಗೂ ಕರೆದವನಲ್ಲ ಪುಣ್ಯಾತ್ಮ.

*

ಅಂಗಡಿ ಮುಂದೆ, ಅಡುಗೆಮನೆ ಹಿಂದೆ. ನಡುವೆ ಒಂದು ಪರದೆ. ಗಿರಾಕಿ ಬಂದರೆ ಆತನ ಮೊದಲ ಪ್ರಶ್ನೆ ಒಂದೇ: "ತಳ ಏನು?" ಮರಳಾದರೆ ಅಗಲ ರೆಕ್ಕೆಯ ಲಂಗರು, ಬಂಡೆಯಾದರೆ ನಾಲ್ಕು ಕೊಕ್ಕೆಯದು. ಗೊತ್ತಿಲ್ಲ ಎಂದವನಿಗೆ "ನೋಡ್ಕೊಂಡು ಬಾ" ಎಂದು ಬಾಗಿಲು ತೋರಿಸುತ್ತಿದ್ದ. ಕಡಲಿನ ತಳವೆಲ್ಲ ಆತನಿಗೆ ಬಾಯಿಪಾಠ. ಹೆಂಡತಿ ಉಂಡಳೋ ಇಲ್ಲವೋ ಎಂಬುದೊಂದು ಗೊತ್ತಿರುತ್ತಿರಲಿಲ್ಲ.

ಒಮ್ಮೆ ಯಾರಿಗೋ ರೆಕ್ಕೆಯದನ್ನು ಕಟ್ಟಿಕೊಡುತ್ತಿದ್ದಾಗ ಅವಳು ಪರದೆಯ ಹಿಂದಿನಿಂದಲೇ ಹೇಳಿಬಿಟ್ಟಳು: "ಅವರು ತಳದಲ್ಲಿ ಹುಲ್ಲಿದೆ ಅಂದ್ರಲ್ಲ. ಹುಲ್ಲಿಗೆ ಅದು ಹಿಡಿಯಲ್ಲ, ಭಾರದ ಕೊಕ್ಕೇದು ಬೇಕು."

ಗಿರಾಕಿ ಪರದೆಯತ್ತ ತಿರುಗಿ ನೋಡಿದ.

"ಒಳಗೆ ಹಾಲು ಉಕ್ತಿದೆ, ನೋಡು ಹೋಗು," ಎಂದ ಆತ.

ಒಲೆಯ ಮೇಲೆ ಹಾಲಿರಲಿಲ್ಲ. ಆದರೆ ಗಿರಾಕಿ ಹೊತ್ತುಕೊಂಡು ಹೋದದ್ದು ಭಾರದ ಕೊಕ್ಕೆಯದನ್ನೇ. ಅವಳು ಕಿಟಕಿಯಿಂದ ನೋಡಿದ್ದಳು. ಆತ ಮುಂದೆಂದೂ ಆ ಮಾತು ಎತ್ತಲಿಲ್ಲ. ಅವಳೂ ಮತ್ತೆ ಬಾಯಿ ಬಿಡಲಿಲ್ಲ.

*

ದೋಣಿಯವನು ಮೇಲೆಳೆದ ಲಂಗರಿನ ರೆಕ್ಕೆಗಳಿಗೆ ಹಸಿರು ಹುಲ್ಲು ಸುತ್ತಿಕೊಂಡಿತ್ತು.

"ಇದು ಮರಳಿಗೆ ಸರಿ," ಎಂದಳು. "ಆ ಮೂಲೇಲಿದೆಯಲ್ಲ, ಹಳೇ ಕೊಕ್ಕೇದು, ಅದನ್ನ ಇಳಿಸಿ."

"ಮಣಭಾರ ಅಂತ ಅದನ್ನ ಮುಟ್ಟೋದೇ ಇಲ್ಲಮ್ಮ ನಾನು."

"ಭಾರ ಇದ್ರೇನೇ ಹುಲ್ಲು ಸೀಳ್ಕೊಂಡು ಕೆಳಗೆ ಹೋಗೋದು. ಹಗ್ಗ ಉದ್ದಕ್ಕೆ ಬಿಡಿ, ಜಿಪುಣತನ ಮಾಡ್ಬೇಡಿ."

ದೋಣಿಯವನು ಏದುಸಿರು ಬಿಡುತ್ತ ಇಳಿಸಿದ. ಹಗ್ಗ ಸರಸರನೆ ನೀರಿಗಿಳಿದು, ಕೊನೆಗೆ ಬಿಗಿಯಿತು. ದೋಣಿ ಗಾಳಿಗೆ ಮುಖಮಾಡಿ ನಿಂತಿತು.

"ಯಜಮಾನ್ರು ಎಲ್ಲಾ ಕಲ್ಸಿದಾರೆ ನಿಮ್ಗೆ," ಎಂದ ಅವನು, ಮೆಚ್ಚಿಕೊಂಡು.

ಅವಳು ಬಿಗಿದ ಹಗ್ಗವನ್ನು ಒಮ್ಮೆ ಎಳೆದು ನೋಡಿದಳು. ಬೆಳಗಿನಿಂದ ಬಾರದ ಅಳು ಈಗ ಬಂತು; ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬೇಗ ಬಿಟ್ಬಿಡಿ ಅತ್ತಿಗೆ," ಎಂದ ಮೈದುನ ಕಣ್ಣು ಮುಚ್ಚಿಕೊಂಡೇ.

"ಇರಪ್ಪ. ನಾವಿನ್ನೂ ಮಾತಾಡಿಲ್ಲ."

ಅವಳು ಸ್ವಲ್ಪ ಸರಿದು ಕುಳಿತು, ಮಡಕೆಯನ್ನು ಮಡಿಲಿನಿಂದ ಎತ್ತಿ, ಹಲಗೆಯ ಮೇಲೆ ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು.