ತಳ ಮುಟ್ಟುವ ತನಕ

ಮಧ್ಯಾಹ್ನ ದರ್ಜಿಯ ಹೊಲಿಗೆ ಯಂತ್ರ ನಿಂತಿತೆಂದರೆ ಅವನ ಅಂಗಡಿಯಲ್ಲಿ ಷೇರುಪೇಟೆ ಶುರುವಾಯಿತೆಂದೇ ಲೆಕ್ಕ. ಪೇಟೆಯಲ್ಲಿದ್ದವರು ಮೂರೇ ಜನ: ದರ್ಜಿ, ಪಕ್ಕದ ಕಟಿಂಗ್ ಶಾಪಿನವನು, ನಿವೃತ್ತರಾದ ಗಣಿತದ ಮೇಷ್ಟ್ರು. ಫೋನಿಗೆ ಚಿಪ್ ತಯಾರಿಸುವ ಕಂಪನಿಯೊಂದರ ಷೇರು ಒಂಬೈನೂರರಿಂದ ಜಾರತೊಡಗಿದಾಗಿನಿಂದ ಮೂವರ ಕಣ್ಣೂ ಅದರ ಮೇಲೆಯೇ.

“ಆರುನೂರಕ್ಕೆ ಬಂತು. ಈಗ ತಗೊಂಡ್ಬಿಡೋಣ,” ಎಂದ ಕಟಿಂಗ್ ಶಾಪಿನವನು, ಅಂಗಿಗಂಟಿದ ಕೂದಲು ಕೊಡವುತ್ತಾ.

“ಇನ್ನೂ ತಳ ಮುಟ್ಟಿಲ್ಲಪ್ಪಾ,” ಎಂದರು ಮೇಷ್ಟ್ರು. ಎಂಟುನೂರಿದ್ದಾಗಲೂ ಇದೇ ಮಾತು, ಏಳುನೂರಿದ್ದಾಗಲೂ ಇದೇ. ಅದಕ್ಕೇ ಬೆನ್ನ ಹಿಂದೆ ಅವರಿಗೆ ತಳದ ಮೇಷ್ಟ್ರು ಎಂದು ಹೆಸರು.

ಇಬ್ಬರೂ ದರ್ಜಿಯ ಮುಖ ನೋಡಿದರು. ದುಡ್ಡಿದ್ದದ್ದು ಅವನ ಬಳಿ ಮಾತ್ರ. ಉಳಿದಿಬ್ಬರದು ಬಾಯಿ ಬಂಡವಾಳ. ದರ್ಜಿಯೋ, ಮೂರು ಸಲ ಅಳೆಯದೆ ಬಟ್ಟೆಗೆ ಕತ್ತರಿ ಹಾಕದ ಮನುಷ್ಯ. ಮೂವತ್ತು ವರ್ಷದಲ್ಲಿ ಒಬ್ಬರ ಬಟ್ಟೆಯನ್ನೂ ಕೆಡಿಸಿರಲಿಲ್ಲ. ಆ ಹೆಮ್ಮೆಯೇ ಅವನಿಗೆ ಮುಳುವಾಯಿತು. “ಇನ್ನೊಂದು ವಾರ ನೋಡೋಣ,” ಎಂದ.

ಆ ದುಡ್ಡು ಹೆಂಡತಿಯ ಕಿವಿಗೆಂದು ಕೂಡಿಟ್ಟದ್ದು. ಅವಳ ಕಿವಿ ಮಂದವಾಗುತ್ತಾ ಬಂದಿತ್ತು. ಡಾಕ್ಟರು ಪರೀಕ್ಷೆ ಮಾಡಿ, ದರ್ಜಿಯ ಕಡೆ ತಿರುಗಿ ಮೆಲ್ಲಗೆ ಹೇಳಿದ್ದರು: “ಕಿವಿಗೆ ಮಿಷನ್ ಹಾಕ್ಸಿ, ತಡ ಮಾಡ್ಬೇಡಿ. ಬಹಳ ದಿನ ಮಾತು ಕಿವಿಗೆ ಬೀಳದೆ ಹೋದ್ರೆ, ಆಮೇಲೆ ಸದ್ದು ಕೇಳಿದ್ರೂ ಮಾತು ತಿಳಿಯೋದಿಲ್ಲ.” ಇದ್ದ ದುಡ್ಡು ಒಂದು ಕಿವಿಗೆ ಸಾಲುತ್ತಿತ್ತು. ಷೇರು ತಳದಲ್ಲಿ ಸಿಕ್ಕಿ ದುಪ್ಪಟ್ಟಾದರೆ ಎರಡು ಕಿವಿಗೂ ಆಗುತ್ತದೆ. ಆಸೆ ಕೆಟ್ಟದ್ದೇನಲ್ಲ, ಅವಳಿಗಾಗಿಯೇ ಹುಟ್ಟಿದ್ದು. ಆದರೆ ಹೊರಗೆ ಬಂದು ಅವಳು “ಏನಂದ್ರು?” ಎಂದು ಕೇಳಿದಾಗ, “ಆತುರ ಏನಿಲ್ವಂತೆ ಕಣೇ,” ಎಂದು ಗಟ್ಟಿಯಾಗಿ ಹೇಳಿಬಿಟ್ಟ.

ಷೇರು ಐನೂರಾಗಲು ಒಂದು ವರ್ಷ ಹಿಡಿಯಿತು, ನಾನೂರಾಗಲು ಇನ್ನೊಂದು. ಅಷ್ಟರಲ್ಲಿ ಅವಳಿಗೆ ಬಾಗಿಲು ಬಡಿದದ್ದು ಕೇಳದಾಯಿತು. ತಂಗಿ ಫೋನು ಮಾಡಿದರೆ ಅವನ ಕೈಗೆ ಕೊಟ್ಟು ಸುಮ್ಮನೆ ನಗುತ್ತಿದ್ದಳು. ಆ ನಗು ಕಂಡರೆ ಯಾರಿಗಾದರೂ ಕರುಳು ಚುರುಕ್ ಎನ್ನಬೇಕು. ಅವನಿಗೂ ಎನ್ನುತ್ತಿತ್ತು. ಮಾರನೆಯ ದಿನ ಅಂಗಡಿಗೆ ಹೋಗಿ ಮತ್ತೆ ಷೇರಿನ ಬೆಲೆ ನೋಡುತ್ತಿದ್ದ.

ಮುನ್ನೂರ ಹತ್ತಕ್ಕೆ ಬಂದ ದಿನ ಕಟಿಂಗ್ ಶಾಪಿನವನು ಜಗಳಕ್ಕೇ ನಿಂತ. “ಇನ್ನೂ ಎಷ್ಟು ಅಂತ ಕಾಯ್ತೀಯೋ?”

“ಇನ್ನೂರೈವತ್ತಕ್ಕೆ ಬಂದೇ ಬರುತ್ತೆ,” ಎಂದರು ಮೇಷ್ಟ್ರು. ದರ್ಜಿ ಹೂಂಗುಟ್ಟಿದ.

ಮುಂದಿನ ವಾರ ಷೇರು ನಾನೂರು ದಾಟಿತು, ತಿಂಗಳೊಳಗೆ ಏಳುನೂರು. ತಳ ಬಂದು ಹೋದದ್ದು ಮೂವರಿಗೂ ಗೊತ್ತಾಗಿರಲಿಲ್ಲ. “ಹೋಗ್ಲಿ ಬಿಡಪ್ಪಾ, ನಿನ್ನ ದುಡ್ಡಲ್ಲಿ ಒಂದು ಕಾಸೂ ಕರಗಲಿಲ್ಲ,” ಎಂದು ಮೇಷ್ಟ್ರು ಸಮಾಧಾನ ಹೇಳಿದರು.

ಆ ಕರಗದ ದುಡ್ಡು ಹಿಡಿದು ದರ್ಜಿ ಹೆಂಡತಿಯನ್ನು ಡಾಕ್ಟರ ಬಳಿ ಕರೆದೊಯ್ದ. ಮಿಷನ್ ಹಾಕಿ ಡಾಕ್ಟರು ಹತ್ತು ಪದ ಹೇಳಿದರು. ಅವಳು ಒಂದನ್ನೂ ತಿರುಗಿ ಹೇಳಲಾರದೆ ಹೋದಳು. “ಆಗ್ಲೇ ಹೇಳಿದ್ನಲ್ಲ,” ಎಂದರು ಅವರು, ದರ್ಜಿಗೆ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ.

ಮಿಷನ್ ಕಿವಿಯಲ್ಲೇ ಇತ್ತು. ಹೊರಗಿನ ಬೆಂಚಿನ ಮೇಲೆ ಅವಳೇ ಅವನ ಕೈ ಹಿಡಿದುಕೊಂಡಳು. “ನೀವ್ಯಾಕ್ರೀ ಅಳ್ತೀರಿ? ಆತುರ ಇಲ್ಲ ಅಂತ ಡಾಕ್ಟ್ರೇ ಹೇಳಿದ್ರಲ್ಲ. ನಿಮ್ದೇನು ತಪ್ಪು?”

“ಅವ್ರು ಹಾಗೆ ಹೇಳ್ಲಿಲ್ಲ ಕಣೇ. ನಾನೇ ಸುಳ್ಳು ಹೇಳ್ದೆ.”

ಅವಳ ಮುಖ ಅರಳಿತು. “ನಿಮ್ಮ ಧ್ವನಿ ಅಂತ ಗೊತ್ತಾಗ್ತಾ ಇದೆ. ಏನಂದ್ರಿ?”

ಅವನು ಮತ್ತೆ ಹೇಳಿದ, ಜೋರಾಗಿ. ಸಾಲಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಅವಳು ಕಿವಿಯನ್ನು ಅವನ ಬಾಯಿಯ ಹತ್ತಿರ ತಂದು, “ಇನ್ನೊಂದ್ಸಲ ಹೇಳಿ,” ಎಂದಳು.