ಮೊಂಝಾದ ಬಲಗಡೆಯ ಸೀಟು

ಮದುವೆಯಾಗಿ ಹನ್ನೆರಡು ವರ್ಷವಾದರೂ ಸೌಂದರ್ಯಾ ಮಾವನ ಕಾರಿನ ಮುಂದಿನ ಸೀಟಿನಲ್ಲಿ ಒಮ್ಮೆಯೂ ಕೂತಿರಲಿಲ್ಲ. ಅದು ಅತ್ತೆ ಗಿರಿಜಾದೇವಿಯವರ ಜಾಗ. ಹಾಗೆಂದು ಯಾರೂ ಹೇಳಿರಲಿಲ್ಲ, ಯಾರೂ ಅದನ್ನು ಮೀರಿಯೂ ಇರಲಿಲ್ಲ. ಬಿಜಾಪುರದಿಂದ ಲಂಡನ್ನಿಗೆ ಬಂದ ನೆಂಟರೊಬ್ಬರು ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡಿದ್ದಾಗಲೂ ಅವರನ್ನು ಹಿಂದಿನ ಇಕ್ಕಟ್ಟಿಗೇ ತುರುಕಿ, ಅತ್ತೆ ಮುಂದೆ, ಬಲಗಡೆ, ಸೆರಗು ಹೊದ್ದು ಕೂತಿದ್ದರು. ದಾರಿಯುದ್ದಕ್ಕೂ ಮಾತು.

ಮೊಂಝಾ ಅನ್ನುವ ಆ ಕಾರು ಅಮೆರಿಕದ್ದು. ಎಪ್ಪತ್ತರ ದಶಕದಲ್ಲಿ ಪೆಟ್ರೋಲಿಗೆ ಬರ ಬಂದು ಅಲ್ಲಿಯ ಉದ್ದುದ್ದ ಕಾರುಗಳು ಮೈ ಇಳಿಸಿಕೊಂಡಾಗ ಹುಟ್ಟಿದ್ದು. ಮೈ ಸಣ್ಣದಾಯಿತು, ಚಪಲ ಹೋಗಲಿಲ್ಲ. ತಗ್ಗಿದ ಛಾವಣಿ, ಚೂಪು ಮೂತಿ, ಮೂತಿಯ ಎರಡೂ ಬದಿಗೆ ಜೋಡಿ ಚೌಕ ದೀಪ, ಒಳಗೆ ಆ ಮೈಗೆ ಮೀರಿದ ಎಂಟು ಸಿಲಿಂಡರಿನ ಎಂಜಿನ್. ರೈಸ್ಲಿಪ್‌ನಲ್ಲಿದ್ದ ಅಮೆರಿಕದ ಸೈನಿಕನೊಬ್ಬ ತನ್ನ ಊರಿಗೆ ಮರಳುವಾಗ ಅದನ್ನು ಬಸ್ ಡಿಪೋದಲ್ಲಿ ಫಿಟರ್ ಆಗಿದ್ದ ಮಾವ ಪರಪ್ಪನವರಿಗೆ ಮಾರಿ ಹೋಗಿದ್ದ. ಅಂದಿನಿಂದ ಇಂದಿನವರೆಗೆ, ಎರಡು ಸಾವಿರದ ಮೂರನೆಯ ಇಸವಿಯವರೆಗೂ, ಕಿಂಗ್ಸ್‌ಬರಿಯ ಅವರ ಬೀದಿಯಲ್ಲಿ ಖಂಡೇನವಮಿಯ ದಿನ ಚೆಂಡುಹೂ, ವಿಭೂತಿ, ಚಕ್ರದಡಿ ನಿಂಬೆಹಣ್ಣು ಕಾಣುತ್ತಿದ್ದ ಅಮೆರಿಕದ ಕಾರು ಅದೊಂದೇ.

ಅದರ ಸ್ಪಾರ್ಕ್ ಪ್ಲಗ್ಗುಗಳಲ್ಲಿ ಒಂದು ಸಂದಿಯಲ್ಲಿ ಅಡಗಿತ್ತು. ಬಿಚ್ಚಬೇಕಾದರೆ ಎಂಜಿನ್ನನ್ನೇ ಒಂದಿಷ್ಟು ಮೇಲೆತ್ತಬೇಕು. ಪರಪ್ಪನವರು ಜಾಕ್ ಕೊಟ್ಟು ಎತ್ತಿ, ಕೈ ಒಳಗೆ ತೂರಿಸಿ, ಮುಖವನ್ನು ಆಕಾಶದ ಕಡೆ ತಿರುಗಿಸಿಕೊಂಡು ಬೆರಳಿನಿಂದಲೇ ಹುಡುಕಿ ಬಿಚ್ಚುತ್ತಿದ್ದರು. ಅಕ್ಕಪಕ್ಕದ ಗುಜರಾತಿಗಳು ಚಹಾ ಹಿಡಿದು ನಿಂತು ನೋಡುತ್ತಿದ್ದರು. ಅಪ್ಪ ಕಣ್ಣು ಮುಚ್ಚಿ ಈ ಕೆಲಸ ಮಾಡಬಲ್ಲ ಎಂದು ಸೌಂದರ್ಯಾಳ ಗಂಡ ಪ್ರಸಾದ ಜಂಬ ಕೊಚ್ಚುತ್ತಿದ್ದ.

ಸ್ಟಿಯರಿಂಗ್ ಎಡಗಡೆ. ಇಂಗ್ಲೆಂಡಿನ ರಸ್ತೆಯಲ್ಲಿ ಎಡಕ್ಕೆ ಕೂತು ಓಡಿಸುವವನಿಗೆ ಮುಂದಿರುವ ಲಾರಿಯ ಆಚೆ ಎದುರಿನಿಂದ ಏನು ಬರುತ್ತಿದೆಯೆಂದು ತಿಳಿಯುವುದಿಲ್ಲ. ಬಲಗಡೆ ಕೂತವರು ಕತ್ತು ಚಾಚಿ ನೋಡಿ ಹೇಳಬೇಕು. ಅತ್ತೆಯ ಮಾತು ಶುರುವಾದದ್ದು ಹಾಗೆ: ಹೋಗ್ರಿ, ತಡೀರಿ, ಅಷ್ಟೇ. ಬರಬರುತ್ತ ಅದಕ್ಕೆ ಕೈಕಾಲು ಮೂಡಿದವು. ಕೆಂಪ ಬಿತ್ತು ನೋಡ್ರಿ, ಅಕಾ ಮುದುಕಿ ದಾಟಾಕತ್ಯಾಳ, ಬಸ್ಸು ಹೊಂಟಿತು, ಹಸರ ಆತು, ಇನ್ನೂ ಯಾಕ ಕುಂತೀರಿ. ಪ್ರಸಾದ ತಾಯಿಗೆ ಧಾರವಾಡ ಆಕಾಶವಾಣಿ ಎಂದು ಹೆಸರಿಟ್ಟಿದ್ದ. ಸೌಂದರ್ಯಾ ಅಕ್ಸ್‌ಬ್ರಿಡ್ಜ್‌ನ ಆಫೀಸಿನಲ್ಲಿ ಕನ್ನಡದ ಗೆಳತಿಯರ ಮುಂದೆ ಅತ್ತೆಯ ದನಿಯನ್ನು ಅನುಕರಿಸಿ ನಗಿಸುತ್ತಿದ್ದಳು. ಪಾಪ ನಮ್ಮ ಮಾವ, ಹಸಿರು ದೀಪ ನೋಡೋದಕ್ಕೂ ಹೆಂಡತಿ ಅಪ್ಪಣೆ ಕೊಡಬೇಕು, ಎನ್ನುತ್ತಿದ್ದಳು.

ಆ ಶನಿವಾರ ಬೆಳಿಗ್ಗೆ ಆಕಾಶವಾಣಿ ಇರಲಿಲ್ಲ. ಗಿರಿಜಾದೇವಿ ಮೊಣಕಾಲಿನ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದರು. ಪ್ರಸಾದ ಕೆಲಸದ ಮೇಲೆ ಎಡಿನ್‌ಬರೋದಲ್ಲಿದ್ದ. ಮಗಳು ಸಾನ್ವಿಗೆ ಲಂಡನ್ನಿನ ಇನ್ನೊಂದು ತುದಿಯ ಸಟನ್‌ನಲ್ಲಿ, ಜಾಣ ಮಕ್ಕಳನ್ನಷ್ಟೇ ಆರಿಸಿಕೊಳ್ಳುವ ಗ್ರಾಮರ್ ಸ್ಕೂಲಿನ ಪ್ರವೇಶ ಪರೀಕ್ಷೆ. ಆ ಪರೀಕ್ಷೆಗಾಗಿ ಸೌಂದರ್ಯಾ ಎರಡು ಬೇಸಿಗೆ ಊರಿಗೆ ಹೋಗಿರಲಿಲ್ಲ. ಟಿವಿಗೆ ಬಟ್ಟೆ ಮುಚ್ಚಿದ್ದಳು. ಸಟನ್‌ನಲ್ಲಿ ಮನೆಗಳನ್ನೂ ನೋಡಿ ಬಂದಿದ್ದಳು. ಬಾಗಿಲು ಮುಚ್ಚಿದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ ಎಂದು ಶಾಲೆಯವರು ಮೊದಲೇ ತಿಳಿಸಿದ್ದರು. ಅಂಥ ದಿನವೇ ಸಿಗ್ನಲ್ ಕೆಟ್ಟು ಟ್ಯೂಬ್ ರೈಲು ನಿಂತಿತ್ತು. ಮಿನಿಕ್ಯಾಬ್ ಟ್ಯಾಕ್ಸಿಯವನು ಒಂದು ಗಂಟೆ ಕಾಯಬೇಕೆಂದ. ಸೌಂದರ್ಯಾ ಮೂರು ಸಲ ಡ್ರೈವಿಂಗ್ ಟೆಸ್ಟ್ ಕೊಟ್ಟು ಮೂರು ಸಲವೂ ಫೇಲಾಗಿದ್ದಳು.

ಪರಪ್ಪನವರು ಮೇಜಿನ ಹತ್ತಿರ ಚಹಾದ ಕಪ್ಪನ್ನು ಬಸಿಯ ಮೇಲೆ ತಿರುಗಿಸುತ್ತ ಕೂತಿದ್ದರು. ಸೊಸೆ ನಾಲ್ಕನೆಯ ಕಡೆಗೂ ಫೋನ್ ಮಾಡಿ ಮುಗಿಸಿದ ಮೇಲೆ, ತಾನೇ ಕಾರಿನಲ್ಲಿ ಬಿಟ್ಟುಬರುತ್ತೇನೆ ಎಂದರು. ಸೌಂದರ್ಯಾಳಿಗೆ ಅವರ ಕಾಲಿಗೆ ಬೀಳುವಷ್ಟು ಸಮಾಧಾನವಾಯಿತು.

ಕಾರಿನ ಬಳಿ ಸಾನ್ವಿ ಬಲಗಡೆಯ ಬಾಗಿಲು ಹಿಡಿದು ನಿಂತಳು. ಹತ್ತು ವರ್ಷದ ಹುಡುಗಿ. ಕನ್ನಡ ಎಲ್ಲವೂ ಅರ್ಥವಾಗುತ್ತಿತ್ತು, ಬಾಯಿ ತೆರೆದರೆ ಇಂಗ್ಲಿಷ್.

"ಮಮ್, ಐ ಶುಡ್ ಸಿಟ್ ಇನ್ ಫ್ರಂಟ್."

ಸೌಂದರ್ಯಾ ಅದನ್ನು ಹಟವೆಂದುಕೊಂಡಳು. ಅಭ್ಯಾಸದ ಪುಸ್ತಕವನ್ನು ಅವಳ ಕೈಗಿಟ್ಟು ಹಿಂದಕ್ಕೆ ಹತ್ತಿಸಿದಳು. ಪರಪ್ಪನವರು ಹಿಂದಿನ ಸೀಟಿನ ಕಡೆ ಒಮ್ಮೆ ತಿರುಗಿದರು. ಸೊಸೆ ಪಕ್ಕದಲ್ಲಿ ಕೂತು ಬೆಲ್ಟ್ ಹಾಕಿಕೊಂಡ ಮೇಲೆ, "ಸುಮ್ನ ಕುಂದರಬ್ಯಾಡ ಯವ್ವಾ. ಮಾತಾಡ್ಕೊಂತ ಬಾ," ಎಂದರು.

ಅತ್ತೆ ಇಲ್ಲದೆ ಬೇಜಾರು ಪಾಪ, ಎಂದು ಸೌಂದರ್ಯಾ ಒಳಗೇ ನಕ್ಕಳು. ಪರೀಕ್ಷೆಯ ಬಗ್ಗೆ, ಹವೆಯ ಬಗ್ಗೆ, ಅತ್ತೆಯ ಹೊಸ ಮೊಣಕಾಲಿನ ಬಗ್ಗೆ ಮಾತಾಡಿದಳು. ಪರಪ್ಪನವರು ಅದಾವುದಕ್ಕೂ ಕಿವಿಗೊಡಲಿಲ್ಲ. ಸರ್ಕಲ್ಲಿನ ಹತ್ತಿರ ಬಲಗಡೆಯಿಂದ ಯಾರಾದರೂ ಬರುತ್ತಿದ್ದಾರೆಯೇ ಎಂದು ಕೇಳಿದರು. ಎಡಕ್ಕೆ ಕೂತವರಲ್ಲವೇ, ಸರಿ, ನೋಡಿ ಹೇಳಿದಳು. ಸ್ವಲ್ಪ ದೂರ ಹೋದ ಮೇಲೆ ಮುಂದಿರುವುದು ಬಸ್ಸೋ ಲಾರಿಯೋ ಎಂದು ಕೇಳಿದರು. ಬಸ್ಸು ಎಂದಳು. ಬಸ್ಸಿನ ಹಿಂಭಾಗದ ಜಾಹೀರಾತು ಗಾಜಿನ ತುಂಬ ಇತ್ತು. ಅದನ್ನೂ ಕೇಳಬೇಕೇ ಎಂದು ಒಂದು ಕ್ಷಣ ಅನಿಸಿತು, ಮರುಕ್ಷಣ ಕೈಗಡಿಯಾರ ನೋಡಿಕೊಂಡು ಮರೆತಳು.

ನಾರ್ತ್ ಸರ್ಕ್ಯುಲರ್ ರಸ್ತೆಗೆ ಸೇರಿದರು. ಮೂರು ಸಾಲು ವಾಹನ, ಮೂರಕ್ಕೂ ಅವಸರ. ಮೊಂಝಾ ನಡುವಿನ ಸಾಲಿನಲ್ಲಿ ಗುರುಗುಡುತ್ತ ಓಡಿತು. ಮೋಡ ಕವಿದಿತ್ತು, ಕಣ್ಣಿಗೆ ಹೊಡೆಯುವ ಬಿಸಿಲಿಲ್ಲ. ಮುಂದೆ, ನೇರ ಎದುರಿಗೆ, ಸಿಗ್ನಲ್ ಕಂಬ.

"ದೀಪ ಯಾವುದೈತಿ?"

ಅವರು ತಮಾಷೆ ಮಾಡುತ್ತಿದ್ದಾರೆ, ಅತ್ತೆಯನ್ನು ಅಣಕಿಸುತ್ತಿದ್ದಾರೆ ಎಂದು ಅವಳು ನಗಲು ತುಟಿ ತೆರೆದಳು. ಕಾರಿನ ವೇಗ ತಗ್ಗಲಿಲ್ಲ.

"ಕೇಳಿದ್ನಲ್ಲ ಯವ್ವಾ. ದೀಪ."

"ಕೆಂಪು," ಎಂದಳು. ಬ್ರೇಕು ಕಚ್ಚಿತು. ಮುಂದೆ ನಿಂತಿದ್ದ ಬಿಳಿ ವ್ಯಾನಿನ ಹಿಂಬಾಗಿಲಿಗೂ ಮೊಂಝಾದ ಮೂತಿಗೂ ನಡುವೆ ಕೈ ತೂರಿಸುವಷ್ಟು ಜಾಗ ಉಳಿದಿತ್ತು. ಅವಳ ಎರಡೂ ಅಂಗೈ ಡ್ಯಾಶ್‌ಬೋರ್ಡಿಗೆ ಅಂಟಿದ್ದವು.

ಆಗ ಅವಳು ಮಾವನ ಮುಖ ನೋಡಿದಳು. ಅದು ರಸ್ತೆಯ ಕಡೆ ಇರಲಿಲ್ಲ. ಕೊಂಚ ಮೇಲಕ್ಕೆ, ಕೊಂಚ ಓರೆಗೆ ತಿರುಗಿತ್ತು. ಸಂದಿಯೊಳಗಿನ ಪ್ಲಗ್ಗನ್ನು ಬೆರಳಿನಿಂದ ಹುಡುಕುವಾಗ ತಿರುಗುತ್ತಿತ್ತಲ್ಲ, ಹಾಗೆಯೇ.

"ಮಾವ, ನಿಮಗೆ ಕಾಣಿಸ್ತಾ ಇಲ್ವಾ?"

"ಬಾಜೂದೆಲ್ಲಾ ಕಾಣಸ್ತೈತಿ," ಎಂದರು ಪರಪ್ಪನವರು, ಊಟಕ್ಕೆ ಏನು ಬೇಕೆಂದು ಹೇಳುವ ದನಿಯಲ್ಲಿ. "ನಡುವಿಂದಷ್ಟ ಇಲ್ಲ. ಹಸರ ಆದ್ರ ಹೇಳು."

ಹಸಿರಾಯಿತು. ಅವಳಿಗೆ ಹೇಳಲಾಗಲಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ನಾಲಿಗೆ, ಲಂಡನ್ನಿನಲ್ಲಿ ದಿನವಿಡೀ ಮೀಟಿಂಗುಗಳಲ್ಲಿ ಮಾತಾಡುವ ನಾಲಿಗೆ, ಒಣಗಿದ ಚರ್ಮದ ಹಾಗೆ ಬಾಯಲ್ಲಿ ಬಿದ್ದಿತ್ತು. ಹಿಂದಿನವರ ಹಾರ್ನ್ ಕೇಳಿ ಪರಪ್ಪನವರೇ ಕಾರನ್ನು ಬಿಟ್ಟರು. ಎಡಕ್ಕೆ ನಿಲ್ಲಿಸೋಣವೆಂದರೆ ಎಡಗಡೆ ಲಾರಿಗಳ ಸಾಲು. ಮುಂದೆ ಹ್ಯಾಂಗರ್ ಲೇನ್. ನಾಲ್ಕು ದಿಕ್ಕಿನ ರಸ್ತೆಗಳು ಬಂದು ಒಂದು ದೊಡ್ಡ ಸುತ್ತಿನಲ್ಲಿ ಕಲಸಿಹೋಗುವ ಜಾಗ ಅದು. ಸಾಲಿನ ಪಕ್ಕದಲ್ಲಿ ಸಾಲು, ದೀಪದ ಹಿಂದೆ ದೀಪ. ಅವಳು ಎರಡನೆಯ ಸಲ ಫೇಲಾಗಿದ್ದು ಇಲ್ಲೇ. ಕಣ್ಣು ಸರಿಯಿರುವವರೂ ಇಲ್ಲಿ ಉಸಿರು ಹಿಡಿಯುತ್ತಾರೆ.

"ಮಾವ, ಬಲಕ್ಕೆ... ಅಲ್ಲ, ತಡೀರಿ, ಅಯ್ಯೋ..."

"ಎಡಕ ಬರ್ರಿ. ಸಾವಕಾಶ. ವ್ಯಾನ್ ಹೋಗ್ಲಿ. ಹಾಂ, ಈಗ ಬರ್ರಿ."

ಅತ್ತೆ ಎಲ್ಲಿಂದ ಬಂದರು ಎಂದು ಸೌಂದರ್ಯಾ ನಿಜಕ್ಕೂ ತಿರುಗಿ ನೋಡಿದಳು. ಎರಡು ಸೀಟುಗಳ ನಡುವೆ ಗದ್ದ ಊರಿಕೊಂಡು ಸಾನ್ವಿ ನಿಂತಿದ್ದಳು. ಪುಸ್ತಕ ಕೆಳಗೆ ಬಿದ್ದಿತ್ತು. ಮನೆಯಲ್ಲಿ ಒಂದು ಕನ್ನಡ ಪದಕ್ಕೆ ಚಾಕೊಲೇಟಿನ ಲಂಚ ಕೇಳುವ ಹುಡುಗಿ, ಅಜ್ಜನಿಗೆ ಬಿಜಾಪುರದ ಹೆಂಡತಿ ಗಂಡನಿಗೆ ಕೊಡುವ ಬಹುವಚನ ಕೊಟ್ಟು, ಹೆಂಡತಿಯ ಅಸಹನೆಯನ್ನೂ ಸೇರಿಸಿ, ಒಂದೇ ಸಮನೆ ಹೇಳುತ್ತಿದ್ದಳು. ಕೆಂಪ ಬಿತ್ತು, ನಿಂದರ್ರಿ. ಟ್ರಕ್ಕು ನಮ್ಮ ಕಡೆ ಬರಾಕತ್ತೈತಿ, ಹಾರ್ನ್ ಹೊಡೀರಿ. ಹಸರ. ಯಾಕ ಕುಂತೀರಿ, ಹೋಗ್ರಿ. ಪರಪ್ಪನವರ ಭುಜಗಳು ಸಡಿಲಾದವು. ಸ್ಟಿಯರಿಂಗ್ ಎಣ್ಣೆ ಹಚ್ಚಿದಂತೆ ತಿರುಗಿತು. ಸೌಂದರ್ಯಾಳಿಗೆ ಮಗಳನ್ನು ಹಿಂದಕ್ಕೆ ತಳ್ಳಿ ಬೆಲ್ಟ್ ಹಾಕಬೇಕೆಂಬುದೂ ಹೊಳೆಯಲಿಲ್ಲ. ಅವಳು ಆ ಕಾರಿನಲ್ಲಿ ಒಂದು ಸಾಮಾನು, ಅಷ್ಟೇ.

ಸುತ್ತು ಮುಗಿದು ಮನೆಗಳ ಸಾಲು ಬಂದ ಮೇಲೆ ಅವಳಿಗೆ ದನಿ ಬಂತು. ನಿಲ್ಲಿಸಿ, ಎಂದಳು. ಪರಪ್ಪನವರು ಅದಕ್ಕೆ ನಿಲ್ಲಿಸಲಿಲ್ಲ. ಎಡಕ್ಕೆ ಒಂದು ಓಣಿ ಐತಿ ಎಂದು ಸಾನ್ವಿ ಹೇಳಿದ ಮೇಲೆ ತಿರುಗಿಸಿ, ಫುಟ್‌ಪಾತಿನ ಅಂಚಿಗೆ ನೂಲು ಹಿಡಿದಂತೆ ನಿಲ್ಲಿಸಿದರು. ಅಂಚು ಅವರಿಗೆ ಕಾಣುತ್ತಿತ್ತು.

ಯಾವಾಗಿನಿಂದ ಎಂದು ಸೌಂದರ್ಯಾ ಮಗಳನ್ನು ಕೇಳಿದಳು. ಅಜ್ಜಿಯ ಮೊಣಕಾಲು ಕಾರು ಹತ್ತಲು ಬಿಡದಂತಾದ ದಿನದಿಂದ, ಎಂದು ಹುಡುಗಿ ಮತ್ತೆ ತನ್ನ ಇಂಗ್ಲಿಷಿಗೆ ಮರಳಿ ಹೇಳಿದಳು. ಅದಕ್ಕೆ ಮೊದಲು ಹಿಂದೆ ಕೂತು ಕೇಳಿ ಕೇಳಿ ಬಾಯಿಪಾಠವಾಗಿತ್ತು. ಅಂದರೆ ಈಸ್ಟರಿನಿಂದ ದಿನವೂ ಶಾಲೆ ಬಿಟ್ಟ ಮೇಲೆ ಇವರಿಬ್ಬರೇ. ಸ್ಕೂಲಿನಿಂದ ಕರೆತರುವ ಕೆಲಸ ಮಾವನಿಗೆ ಬಿಟ್ಟಾಗ ಎಷ್ಟು ಹಗುರವಾಗಿತ್ತು ತನಗೆ, ಎಂಬುದು ಸೌಂದರ್ಯಾಳಿಗೆ ನೆನಪಾಯಿತು.

"ಇಟ್ಸ್ ಫೈನ್, ಮಮ್. ವಿ ಡೂ ಇಟ್ ಆಲ್ ದ ಟೈಮ್."

ಪರಪ್ಪನವರು ಸ್ಟಿಯರಿಂಗಿನಿಂದ ಕೈ ತೆಗೆದಿರಲಿಲ್ಲ. ಎಂಜಿನ್ ಓಡುತ್ತಲೇ ಇತ್ತು. "ಇನ್ನೂ ಟೈಮ್ ಐತಿ," ಎಂದರು. "ಆಕೀನ್ನ ಮುಂದ ಕುಂದರಸು. ಮುಟ್ಟತೀವಿ."

ಸೌಂದರ್ಯಾ ಗಡಿಯಾರ ನೋಡಿದಳು. ಕ್ಯೂ ಸೇತುವೆ, ಕಿಂಗ್‌ಸ್ಟನ್, ಆಮೇಲೆ ನೇರ ರಸ್ತೆ. ಕಷ್ಟದ್ದು ಹಿಂದೆ ಉಳಿಯಿತು. ಹ್ಯಾಂಗರ್ ಲೇನೇ ದಾಟಿಯಾಯಿತಲ್ಲ. ಗೇಟು ತೆರೆದೇ ಇರುತ್ತದೆ. ಸಾನ್ವಿ ಬೆವರು ಒರೆಸಿಕೊಂಡು ಒಳಗೆ ಓಡುತ್ತಾಳೆ. ಹೀಗೆ ಅವಳ ತಲೆ ಲೆಕ್ಕ ಹಾಕುತ್ತಿರುವಾಗ ಟಕ್ಕೆಂದು ಒಂದು ಸದ್ದಾಯಿತು. ಸೀಟು ಬದಲಿಸಲೆಂದು ಅವಳದೇ ಕೈ ಅವಳ ಬೆಲ್ಟನ್ನು ಬಿಚ್ಚಿತ್ತು.

ಆ ಕೈಯನ್ನು ಅವಳು ಬೇರೆ ಯಾರದೋ ಎಂಬಂತೆ ನೋಡಿದಳು. ಆಮೇಲೆ ಅದೇ ಕೈ ಚಾಚಿ, ಮಾವನ ಮೊಣಕೈ ದಾಟಿಸಿ, ಕೀಲಿ ತಿರುಗಿಸಿ ಕಿತ್ತುಕೊಂಡಳು. ದೊಡ್ಡ ಎಂಜಿನ್ ಒಮ್ಮೆ ನಡುಗಿ ತಣ್ಣಗಾಯಿತು.

ಸಾನ್ವಿ ಸಿಟ್ಟಿನಿಂದ ಅತ್ತಳು. ಪರಪ್ಪನವರು ಇಳಿದು, ಬಾನೆಟ್ಟಿನ ಮೇಲೆ ಅಂಗೈ ಆಡಿಸಿ, ಮೊಮ್ಮಗಳ ಕೈ ಹಿಡಿದರು. ಮೂವರೂ ಬಸ್ಸು ಹುಡುಕಿಕೊಂಡು ನಡೆದರು. ಹುಡುಗಿ ಬಿಕ್ಕುತ್ತಲೇ, ಮೆಟ್ಟಲಾ ಐತಿ, ನೋಡ್ಕೊಂಡ್ ಬರ್ರಿ, ಎನ್ನುತ್ತಿದ್ದಳು.

ಬಸ್ಸಿನಲ್ಲಿ ಹೊತ್ತಿಗೆ ಮುಟ್ಟುವಂತಿರಲಿಲ್ಲ, ಸಟನ್ ಕಡೆಗೆ ಹೋಗಲಿಲ್ಲ. ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಹೋದರು. ಗಿರಿಜಾದೇವಿ ದಿಂಬಿನ ಮೇಲೆ ಕಾಲಿಟ್ಟು ಮಲಗಿದ್ದರು. ಪರೀಕ್ಷೆಯ ಹೊತ್ತಿನಲ್ಲಿ ಮೂವರೂ ಒಟ್ಟಿಗೆ ಬಂದದ್ದನ್ನು ನೋಡಿದರು, ಸೊಸೆಯ ಮುಷ್ಟಿಯಿಂದ ಜೋತುಬಿದ್ದ ಕೀಲಿಯ ಚರ್ಮದ ಪಟ್ಟಿಯನ್ನು ನೋಡಿದರು. ಕಣ್ಣು ತಗ್ಗಿಸುತ್ತಾರೆ ಎಂದುಕೊಂಡಿದ್ದಳು ಸೌಂದರ್ಯಾ. ಅವರು ತಗ್ಗಿಸಲಿಲ್ಲ. ಎಲ್ಲಿಯವರೆಗೆ ಹೋಗಿದ್ದಿರಿ ಎಂದು ಕೇಳಿದರು. ಹ್ಯಾಂಗರ್ ಲೇನ್ ದಾಟಿದೆವು ಎಂದು ಸಾನ್ವಿ ಹೇಳಿದಾಗ ಅವರ ಮುಖದಲ್ಲಿ ಒಂದು ಬೆಳಕು ಹಾದುಹೋಯಿತು, ಮೊಮ್ಮಗಳು ಗಾಯನದಲ್ಲಿ ಬಹುಮಾನ ಗೆದ್ದುಬಂದಂತೆ.

ಬಸ್ಸಿನಲ್ಲಿ ಕೂಡಿಸಿಟ್ಟ ಮಾತುಗಳಲ್ಲಿ ಸೌಂದರ್ಯಾಳಿಗೆ ಒಂದೇ ಉಳಿದಿತ್ತು. "ಅತ್ತೆ, ಅವರಿಗೆ ಕಣ್ಣು ಕಾಣಲ್ಲ. ಕಣ್ಣು ಕಾಣದವರ ಕೈಲಿ ಕಾರು ಓಡಿಸಿದೀರಿ."

"ಅವ್ರೆಲ್ಲಿ ಓಡಸ್ತಾರವಾ?" ಎಂದರು ಗಿರಿಜಾದೇವಿ. "ಒಂಬತ್ತು ವರ್ಷ ಆತು. ಆ ಗಾಡಿ ನಾ ಓಡಸಾಕತ್ತೀನಿ."

ಪರಪ್ಪನವರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ಗಿರಿಜಾದೇವಿ ಸಾನ್ವಿಯ ಕಣ್ಣೀರು ಒರೆಸಿ, ನಿಟ್ಟುಸಿರು ಬಿಟ್ಟು, ಸೊಸೆಯ ಕಡೆ ತಿರುಗಿದರು.

"ಹ್ಯಾಂಗರ್ ಲೇನ ದಾಟಿದ್ರಿ ಅಂದಮ್ಯಾಲ ಇನ್ನೇನಿತ್ತು? ಮುಟ್ಟತಿದ್ರಿ."

ಸೌಂದರ್ಯಾ ಸಿಟ್ಟಿಗೇಳಬೇಕಿತ್ತು. ಆದರೆ ಆ ಮಾತನ್ನು ಅವಳು ಆಗಲೇ ಒಮ್ಮೆ ಕೇಳಿದ್ದಳು. ಓಣಿಯ ಅಂಚಿನಲ್ಲಿ, ತನ್ನದೇ ತಲೆಯೊಳಗೆ, ಬೆಲ್ಟು ಬಿಚ್ಚಿದ ಆ ಟಕ್ ಸದ್ದಿಗೆ ಸ್ವಲ್ಪ ಮೊದಲು.

ಅತ್ತೆ ಕೀಲಿಗಾಗಿ ಕೈ ಚಾಚಿದರು. ಸೌಂದರ್ಯಾ ಮುಷ್ಟಿಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಕೀಲಿಯ ಹಲ್ಲು ಅಂಗೈಗೆ ಒತ್ತುತ್ತಿತ್ತು. ಅವಳು ಇನ್ನೂ ಬಿಗಿಯಾಗಿ ಹಿಡಿದಳು. ಅತ್ತೆಯ ಕೈ ಚಾಚಿಯೇ ಇತ್ತು.